ಚೌಕದ ಹಳೆಯ ಛಾಯಾಚಿತ್ರಗಳು

ಪೇಟೆಬೀದಿಗಳು ಬಂದು ಕೂಡುವ ಜಾಗ, ಮಾರುಕಟ್ಟೆಯ ಮುಂದಿನ ಬಯಲು, ಪ್ರತಿಮೆಯನ್ನೋ ಗಡಿಯಾರದ ಗೋಪುರವನ್ನೋ ನಡುವೆ ನಿಲ್ಲಿಸಿಕೊಂಡ ಸರ್ಕಲ್ಲು. ಇಂಥ ಕಡೆ ದಿನವೂ ನಡೆಯುವ ವ್ಯಾಪಾರ, ಓಡಾಟ, ಹರಟೆ, ಜಗಳಗಳನ್ನು ಸ್ಟುಡಿಯೋದ ಪರದೆ-ಕುರ್ಚಿಗಳ ಹಂಗಿಲ್ಲದೆ ಹಿಡಿದ ಫೋಟೊಗಳು ಛಾಯಾಗ್ರಹಣದಲ್ಲಿ ಒಂದು ಪ್ರತ್ಯೇಕ ಬಗೆ. ಗಾಜಿನ ಪ್ಲೇಟು ಮತ್ತು ಫಿಲಂ ರೀಲಿನ ಕಾಲದಲ್ಲಿ ಕನ್ನಡ ನಾಡಿನಲ್ಲಿ ತೆಗೆದ ಇಂಥ ಚಿತ್ರಗಳು ಈ ಲೇಖನದ ವಸ್ತು. ಬೆಂಗಳೂರಿನ ಸಿಟಿ ಮಾರ್ಕೆಟ್ಟು, ಮೈಸೂರು ಅರಮನೆಯ ಸುತ್ತಿನ ವೃತ್ತಗಳು ಇದರ ಮುಖ್ಯ ನೆಲೆ. ಬಳ್ಳಾರಿ ಸೀಮೆಯದು, ಆಂಧ್ರಕ್ಕೆ ಸೇರಿದ ರಾಯದುರ್ಗ, ಕಣೇಕಲ್ಲು, ಮಡಕಶಿರಾ ಕಡೆಯ ಕನ್ನಡದ ಊರುಗಳದು ಸ್ವಲ್ಪ ಬೇರೆ ಕಥೆ.

ಚೌಕಕ್ಕೆ ಬಂದ ಕ್ಯಾಮೆರಾ ಮೊದಲು ಕಟ್ಟಡವನ್ನು ನೋಡಿತು, ಆಮೇಲೆ ಮೆರವಣಿಗೆಯನ್ನು, ಎಲ್ಲಕ್ಕಿಂತ ಕೊನೆಗೆ ಬುಟ್ಟಿ ಹೊತ್ತವರನ್ನು. 1850ರ ದಶಕದಲ್ಲಿ ಈ ನಾಡಿಗೆ ಕಾಲಿಟ್ಟ ಯಂತ್ರಕ್ಕೆ, ಸೊಪ್ಪು ಮಾರುವಾಕೆಯನ್ನು ಅವಳ ಪಾಡಿಗೆ ಬಿಟ್ಟು ನೋಡುವುದನ್ನು ಕಲಿಯಲು 90 ವರ್ಷದ ಮೇಲೆ ಹಿಡಿಯಿತು. ಇದಕ್ಕೆ ಅರ್ಧ ಕಾರಣ ರಸಾಯನ, ಇನ್ನರ್ಧ ಕಾರಣ ಫೋಟೊ ಕೊಳ್ಳುತ್ತಿದ್ದವರು ಯಾರು ಎಂಬುದು. ಹಳೆಯ ಚಿತ್ರಗಳನ್ನು ನೋಡಿ ‘ಆಗ ಊರು ಎಷ್ಟು ಪ್ರಶಾಂತವಾಗಿತ್ತು’ ಎಂದು ನಿಟ್ಟುಸಿರುಬಿಡುವವರು ಈ ಎರಡನ್ನೂ ಮರೆತಿರುತ್ತಾರೆ.

ಜನರಿಲ್ಲದ ಬೀದಿಗಳು

1838ರಲ್ಲಿ ಪ್ಯಾರಿಸ್ಸಿನ ಲೂಯಿ ದಾಗೇರ್ ತನ್ನ ಕಿಟಕಿಯಿಂದ ಬುಲ್ವಾರ್ ದ್ಯು ತಾಂಪ್ಲ್ ಎಂಬ ಬೀದಿಯ ಚಿತ್ರ ತೆಗೆದ. ಗಾಡಿ, ಕುದುರೆ, ಜನರಿಂದ ತುಂಬಿದ್ದ ಬೀದಿ ಅದು. ಚಿತ್ರದಲ್ಲಿ ಮಾತ್ರ ಬಿಕೋ ಎನ್ನುತ್ತದೆ. ಬೆಳಕು ತಟ್ಟೆಯ ಮೇಲೆ ಅಚ್ಚೊತ್ತಲು ಹಲವು ನಿಮಿಷ ಬೇಕಿತ್ತು, ಅಷ್ಟು ಹೊತ್ತು ನಿಂತಲ್ಲೇ ನಿಂತವರು ಯಾರೂ ಇರಲಿಲ್ಲ. ಬೂಟು ಪಾಲಿಶ್ ಮಾಡಿಸಿಕೊಳ್ಳಲು ಕಾಲು ಚಾಚಿ ನಿಂತಿದ್ದ ಒಬ್ಬ ಮಾತ್ರ ಮೂಲೆಯಲ್ಲಿ ಉಳಿದುಕೊಂಡ. ಛಾಯಾಚಿತ್ರದಲ್ಲಿ ಸಿಕ್ಕಿಬಿದ್ದ ಮೊದಲ ಮನುಷ್ಯ ಅವನೇ ಎಂದು ಸಾಮಾನ್ಯವಾಗಿ ಹೇಳುತ್ತಾರೆ.

ಕರ್ನಾಟಕದಲ್ಲಿ ಮೊದಲು ಕ್ಯಾಮೆರಾ ಹಿಡಿದವರು ಕಂಪನಿ ಸರ್ಕಾರದ ಸೈನ್ಯಾಧಿಕಾರಿಗಳು, ವೈದ್ಯರು. ಅವರು ಹೋದದ್ದು ಬಜಾರಿಗಲ್ಲ, ಗುಡಿಗಳಿಗೆ. ಲಿನಿಯಸ್ ಟ್ರೈಪ್ 1854ರ ಕೊನೆಯಲ್ಲಿ ಬೇಲೂರು, ಹಳೇಬೀಡುಗಳ ಚಿತ್ರ ತೆಗೆದ. ಥಾಮಸ್ ಬಿಗ್ಸ್, ಆಂಡ್ರ್ಯೂ ನೀಲ್, ವಿಲಿಯಂ ಪಿಗೌ ತೆಗೆದ ಚಿತ್ರಗಳು ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ಮೇಲೆ 1866ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ದೊಡ್ಡ ಪುಸ್ತಕಕ್ಕೆ ಸೇರಿದವು. ಕಲ್ಲು ಅಲುಗಾಡುವುದಿಲ್ಲ, ಕೂಲಿ ಕೇಳುವುದಿಲ್ಲ, ಎಷ್ಟು ಹೊತ್ತು ಬೇಕಾದರೂ ನಿಲ್ಲುತ್ತದೆ. ಆ ಕಾಲದ ಕ್ಯಾಮೆರಾಕ್ಕೆ ಅದಕ್ಕಿಂತ ಒಳ್ಳೆಯ ಗಿರಾಕಿ ಇರಲಿಲ್ಲ.

1851ರಲ್ಲಿ ಬಂದ ಕೊಲೋಡಿಯನ್ ಪದ್ಧತಿ ಸಮಯವನ್ನು ಸೆಕೆಂಡುಗಳಿಗೆ ಇಳಿಸಿತು. ಆದರೆ ಕಷ್ಟ ಬೇರೆ ರೂಪದಲ್ಲಿ ಬಂತು. ಗಾಜಿನ ಪ್ಲೇಟಿಗೆ ಅಂಟು ದ್ರವ ಹಚ್ಚಿ, ಬೆಳ್ಳಿಯ ದ್ರಾವಣದಲ್ಲಿ ಅದ್ದಿ, ಹಸಿಯಿರುವಾಗಲೇ ಕ್ಯಾಮೆರಾಕ್ಕೆ ಹಾಕಿ, ಹಸಿಯಿರುವಾಗಲೇ ತೊಳೆಯಬೇಕು. ಬಳ್ಳಾರಿ, ಅನಂತಪುರದ ಬಿಸಿಲಲ್ಲಿ ಪ್ಲೇಟು ಒಣಗಲು ಎಷ್ಟು ಹೊತ್ತು ಬೇಕು? ಹಾಗಾಗಿ ಛಾಯಾಗ್ರಾಹಕನ ಹಿಂದೆ ಕಪ್ಪು ಡೇರೆ, ಸೀಸೆಗಳ ಪೆಟ್ಟಿಗೆ, ನೀರಿನ ಕೊಡ, ಹೊರಲು ಆಳುಗಳು. ಈ ಸಂಸಾರವನ್ನು ಸಂತೆಯ ನಡುವೆ ಹೂಡಿದರೆ ಸಂತೆ ತನ್ನ ಕೆಲಸ ಬಿಟ್ಟು ಇವನನ್ನೇ ನೋಡುತ್ತ ನಿಲ್ಲುತ್ತದೆ. ಆ ಕಾಲದ ಬೀದಿ ಚಿತ್ರಗಳಲ್ಲಿ ಕಾಣುವುದು ಎರಡೇ ಬಗೆಯ ಜನ: ಕ್ಯಾಮೆರಾವನ್ನು ದಿಟ್ಟಿಸಿ ಕಲ್ಲಾದವರು, ನಡೆದುಹೋಗಿ ಹೊಗೆಯ ಎಳೆಯಂತೆ ಮಸುಕಾದವರು.

ಬಣ್ಣದ ವಿಷಯದಲ್ಲೂ ಆ ಪ್ಲೇಟುಗಳು ಪಕ್ಷಪಾತಿ. ನೀಲಿ ಬೆಳಕಿಗೆ ಬೇಗ ಸ್ಪಂದಿಸುತ್ತಿದ್ದವು, ಕೆಂಪಿಗೆ ಕುರುಡು. ಆದ್ದರಿಂದ ಆಕಾಶ ಯಾವಾಗಲೂ ಬೋಳು ಬಿಳಿ, ಮುಂಗಾರಿನ ಮೋಡ ಹುಡುಕಿದರೂ ಸಿಗದು. ಹಣೆಯ ಕುಂಕುಮ, ಕೆಂಪು ಸೀರೆ, ಕೆಮ್ಮಣ್ಣಿನ ಗೋಡೆ ಎಲ್ಲ ಕಪ್ಪಿಗೆ ಹತ್ತಿರ. 19ನೆಯ ಶತಮಾನದ ಚಿತ್ರದಲ್ಲಿ ಹೆಂಗಸರೆಲ್ಲ ಕಪ್ಪು ಸೀರೆ ಉಟ್ಟಿದ್ದರೆಂದು ಬರೆದುಬಿಡುವವರು ಈ ಒಂದು ಸಂಗತಿ ತಿಳಿದಿದ್ದರೆ ಸಾಕು. ಎಲ್ಲ ಬಣ್ಣಕ್ಕೂ ಸ್ಪಂದಿಸುವ ಪ್ಯಾಂಕ್ರೊಮ್ಯಾಟಿಕ್ ಫಿಲಂ ಬಳಕೆಗೆ ಬಂದದ್ದು 20ನೆಯ ಶತಮಾನದಲ್ಲಿ.

ಹಂಪಿಯ ರಥಬೀದಿ ಈ ಹಂತಕ್ಕೆ ಒಳ್ಳೆಯ ಉದಾಹರಣೆ. ಮದರಾಸು ಸೈನ್ಯದ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಮೇಣ ಹಚ್ಚಿದ ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ವಿಜಯನಗರದ ಅವಶೇಷಗಳನ್ನು ಸೆರೆಹಿಡಿದ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಮತ್ತೆ ತೆಗೆದರು. ವಿರೂಪಾಕ್ಷ ಗುಡಿಯ ಮುಂದಿನ ಬೀದಿ ಮುಂದೆ ಅಂಗಡಿ, ಮನೆ, ಪ್ರವಾಸಿಗಳಿಂದ ಗಿಜಿಗುಟ್ಟಿತು. 2011ರಲ್ಲಿ ಅಧಿಕಾರಿಗಳು ಅವನ್ನೆಲ್ಲ ತೆರವು ಮಾಡಿಸಿದರು. ಹಾಗಾಗಿ ಹಂಪಿ ಬಜಾರಿನಲ್ಲಿ ಬಾಳೆಹಣ್ಣು, ಗಂಟೆ, ಪಟ ಮಾರುತ್ತಿದ್ದವರ ಸಾಧಾರಣ ಪ್ರವಾಸಿ ಫೋಟೊಗಳಿಗೆ ಇವತ್ತು ಗ್ರೀನ್‌ಲಾನ ನೆಗೆಟಿವ್‌ಗಳಷ್ಟೇ ದಾಖಲೆಯ ಬೆಲೆ ಬಂದಿದೆ.

ಪೋಸ್ಟ್‌ಕಾರ್ಡಿನ ಚೌಕ

1871ರಲ್ಲಿ ರಿಚರ್ಡ್ ಮ್ಯಾಡಾಕ್ಸ್ ಒಣ ಜಿಲೆಟಿನ್ ಪ್ಲೇಟಿನ ದಾರಿ ತೋರಿಸಿದ. ಹತ್ತು ವರ್ಷದೊಳಗೆ ಅದು ಅಂಗಡಿಯಲ್ಲಿ ಡಬ್ಬಿಗಟ್ಟಲೆ ಸಿಗುವ ಸರಕಾಯಿತು. ಡೇರೆ, ಸೀಸೆ ಹೋದವು. ನಡೆಯುವ ಎತ್ತಿನ ಕಾಲು ಮಸುಕಾಗದೆ ಚಿತ್ರದಲ್ಲಿ ಊರಲು ಶುರುವಾದದ್ದು ಇಲ್ಲಿಂದ. 1888ರ ಕೊಡಕ್, 1900ರ ಬ್ರೌನಿ ಪೆಟ್ಟಿಗೆ ಕ್ಯಾಮೆರಾಗಳು ಹವ್ಯಾಸಿಗಳನ್ನು ಹುಟ್ಟಿಸಿದವು.

ಆದರೆ ನಮ್ಮ ಊರುಗಳ ಬೀದಿಗಳನ್ನು ಸಾವಿರಗಟ್ಟಲೆ ಪ್ರತಿಗಳಲ್ಲಿ ಹರಡಿದ್ದು ಹವ್ಯಾಸಿಗಳಲ್ಲ, ಚಿತ್ರದ ಪೋಸ್ಟ್‌ಕಾರ್ಡಿನ ವ್ಯಾಪಾರಿಗಳು. 1900ರಿಂದ ಮೊದಲ ಮಹಾಯುದ್ಧದವರೆಗೆ ಅದರ ಸುಗ್ಗಿ. ಮದರಾಸಿನ ವೀಲ್ ಅಂಡ್ ಕ್ಲೈನ್, ಪುಸ್ತಕ ವ್ಯಾಪಾರದ ಹಿಗಿನ್‌ಬಾಥಮ್ಸ್, ಬೆಂಗಳೂರು ದಂಡಿನ (ಕಂಟೋನ್ಮೆಂಟಿನ) ಬಾರ್ಟನ್ ಸ್ಟುಡಿಯೋ, ಹೀಗೆ ಹಲವರು ಈ ವ್ಯಾಪಾರದಲ್ಲಿದ್ದರು. ಕೊಳ್ಳುತ್ತಿದ್ದವರು ದಂಡಿನ ಸಿಪಾಯಿಗಳು, ಅಧಿಕಾರಿಗಳು, ಅವರ ಹೆಂಡಂದಿರು. ಅವರಿಗೆ ಬೇಕಾದದ್ದು ಇಂಗ್ಲೆಂಡಿನ ಮನೆಯವರಿಗೆ ತೋರಿಸಲು ತಕ್ಕ ಊರು. ಆದ್ದರಿಂದ ಸೌತ್ ಪೆರೇಡ್, ಕಮರ್ಷಿಯಲ್ ಸ್ಟ್ರೀಟ್, ಚರ್ಚುಗಳು, ಕಬ್ಬನ್ ಪಾರ್ಕು, 1906ರಲ್ಲಿ ಅದರ ಅಂಚಿನಲ್ಲಿ ಅನಾವರಣಗೊಂಡ ರಾಣಿ ವಿಕ್ಟೋರಿಯಾ ಪ್ರತಿಮೆ ಇವೆಲ್ಲ ಮತ್ತೆ ಮತ್ತೆ ಕಾಣುತ್ತವೆ. ಕೋಟೆಯ ಉತ್ತರಕ್ಕಿದ್ದ ಪೇಟೆ ಒಂದೆರಡು ಕಾರ್ಡಿನಲ್ಲಿ ‘ದೇಶೀ ಬಜಾರು’ ಎಂಬ ತಲೆಬರಹ ಹೊತ್ತು ಮುಗಿಯುತ್ತದೆ. ದಂಡು ಮತ್ತು ಪೇಟೆ ಬೇರೆ ಬೇರೆ ಆಡಳಿತದಲ್ಲಿದ್ದು 1949ರಲ್ಲಿ ಒಂದೇ ಕಾರ್ಪೊರೇಷನ್ ಆದವು. ಫೋಟೊಗಳ ಲೆಕ್ಕದಲ್ಲಿ ಅವು ಇವತ್ತಿಗೂ ಒಂದಾಗಿಲ್ಲ. ಹಳೆಯ ಬೆಂಗಳೂರು ಎಂಬ ಹೆಸರಿನ ಕ್ಯಾಲೆಂಡರುಗಳನ್ನು ತಿರುವಿದರೆ ಮುಕ್ಕಾಲು ಪಾಲು ದಂಡಿನದೇ ಚಿತ್ರ.

ಬಣ್ಣದ ಕಾರ್ಡುಗಳ ಮೇಲೆ ಸ್ವಲ್ಪ ಅನುಮಾನವಿಟ್ಟುಕೊಂಡೇ ನೋಡಬೇಕು. ಮೂಲ ಕಪ್ಪು-ಬಿಳುಪು, ಬಣ್ಣ ತುಂಬಿ ಅಚ್ಚು ಹಾಕಿದ್ದು ಬಹುಪಾಲು ಜರ್ಮನಿಯಲ್ಲಿ, ಬೆಂಗಳೂರನ್ನು ಕನಸಿನಲ್ಲೂ ಕಾಣದ ಕೆಲಸಗಾರರು. ಒಂದೇ ಬೀದಿಯ ಒಂದೇ ಚಿತ್ರ ಎರಡು ಮುದ್ರಣದಲ್ಲಿ ಎರಡು ಬಗೆಯ ರುಮಾಲಿನ ಬಣ್ಣ ಹೊತ್ತು ಬರುವುದುಂಟು. ಈಗ ಕಂಪ್ಯೂಟರಿಗೆ ಹಾಕಿ ಹಳೆಯ ಫೋಟೊಗೆ ಬಣ್ಣ ಬಳಿಸುವವರು ಮಾಡುತ್ತಿರುವುದೂ ಇದೇ ಕೆಲಸ, ಜರ್ಮನಿಗೆ ಕಳಿಸುವ ಖರ್ಚು ಮಾತ್ರ ಇಲ್ಲ.

ಸಿಟಿ ಮಾರ್ಕೆಟ್ ಬಯಲು

ಬೆಂಗಳೂರಿನ ಹಳೆಯ ಚೌಕ ಯಾವುದೆಂದು ಕೇಳಿದರೆ ದೊಡ್ಡಪೇಟೆ, ಚಿಕ್ಕಪೇಟೆ ಬೀದಿಗಳು ಕೂಡುವ ಜಾಗವನ್ನು ತೋರಿಸುತ್ತಾರೆ. 1537ರಲ್ಲಿ ಕೆಂಪೇಗೌಡ ನಾಲ್ಕು ದಿಕ್ಕಿಗೆ ನೇಗಿಲು ಹೂಡಿಸಿದ್ದು ಅಲ್ಲಿಂದಲೇ ಎಂಬ ಐತಿಹ್ಯವಿದೆ. ಆದರೆ ದೊಡ್ಡಪೇಟೆ, ಅಂದರೆ ಇಂದಿನ ಅವೆನ್ಯೂ ರಸ್ತೆ, ಇಕ್ಕಟ್ಟು. ಸ್ಟ್ಯಾಂಡು ಊರಿ ಹಿಂದಕ್ಕೆ ಸರಿಯಲು ಜಾಗವಿಲ್ಲ, ಮಧ್ಯಾಹ್ನ ಬಿಟ್ಟರೆ ನೆಲಕ್ಕೆ ಬಿಸಿಲಿಲ್ಲ. ಹಳೆಯ ಕ್ಯಾಮೆರಾದವರಿಗೆ ಒದಗಿದ್ದು ಅದೇ ಬೀದಿಯ ದಕ್ಷಿಣದ ತುದಿ, ಕೋಟೆಗೂ ಪೇಟೆಗೂ ನಡುವಿನ ತೆರಪು. ಅಲ್ಲಿ ಹಿಂದೆ ಸಿದ್ದಿಕಟ್ಟೆ ಎಂಬ ಕೆರೆಯಿತ್ತು. 1791ರ ಮಾರ್ಚಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಪೇಟೆಯನ್ನು, ಆಮೇಲೆ ಕೋಟೆಯನ್ನು ಹಿಡಿದ ಕಾಳಗ ನಡೆದದ್ದೂ ಈ ಸುತ್ತಿನಲ್ಲೇ.

ಈ ಬಯಲಿನ ಚಿತ್ರಗಳಿಗೆ 1905ರ ಆಗಸ್ಟ್ 5 ಒಂದು ಗಡಿರೇಖೆ. ಶಿವನಸಮುದ್ರದಿಂದ ಬಂದ ವಿದ್ಯುತ್ತಿನಲ್ಲಿ ಬೆಂಗಳೂರಿನ ಮೊದಲ ಬೀದಿದೀಪ ಹೊತ್ತಿದ್ದು ಆ ದಿನ, ಇದೇ ಮಾರುಕಟ್ಟೆಯ ಬಳಿ. ಏಷ್ಯಾಕ್ಕೇ ಮೊದಲ ವಿದ್ಯುತ್ ಬೀದಿದೀಪ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುವುದುಂಟು. ಆದರೆ ಟೋಕಿಯೊದ ಗಿಂಜಾದಲ್ಲಿ 1882ರಲ್ಲೇ ಆರ್ಕ್ ದೀಪ ಉರಿದಿತ್ತು. ಛಾಯಾಚಿತ್ರ ಓದುವವನಿಗೆ ಮುಖ್ಯವಾದದ್ದು ವಿದ್ಯುತ್ತಿನ ಕಂಬ ಮತ್ತು ತಂತಿ. ಅವು ಕಂಡರೆ ಚಿತ್ರ 1905ರ ಈಚೆಯದು. ತೆರಪಿನ ಪಶ್ಚಿಮಕ್ಕಿರುವ ವಿಕ್ಟೋರಿಯಾ ಆಸ್ಪತ್ರೆ 1900ರದು. ಈಗಲೂ ಮುಂಭಾಗ ಉಳಿಸಿಕೊಂಡಿರುವ ಕೃಷ್ಣರಾಜೇಂದ್ರ ಮಾರುಕಟ್ಟೆಯ ಕಲ್ಲಿನ ಕಟ್ಟಡ ಎದ್ದದ್ದು 1928ರಲ್ಲಿ. ಅಲ್ಲಿಂದ ಮುಂದೆ ಇದು ಚೌಕವೆಂಬ ರೂಪ ಪಡೆಯಿತು: ಜಟಕಾ ನಿಲ್ದಾಣ, ಎತ್ತಿನ ಗಾಡಿಗಳು, ಮೂಟೆ ಹೊರುವವರು, 1940ರಿಂದ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿಯ (ಬಿಟಿಸಿ) ಬಸ್ಸುಗಳು, 1950ರ ಈಚೆಗೆ ಆಟೋರಿಕ್ಷಾಗಳು.

ಇಲ್ಲಿ ಒಂದು ವಿಚಿತ್ರವಿದೆ. ಮಾರ್ಕೆಟ್ಟಿನ ನಿಜವಾದ ಗದ್ದಲ ಬೆಳಗಿನ ಜಾವದ್ದು. ನಾಲ್ಕು ಗಂಟೆಗೇ ಹೂವಿನ ಮೂಟೆ ಇಳಿಯುತ್ತದೆ, ಬೆಳಕು ಹರಿಯುವಷ್ಟರಲ್ಲಿ ದೊಡ್ಡ ವ್ಯಾಪಾರ ಮುಗಿದು ಚಿಲ್ಲರೆಯವರ ಪಾಳಿ ಶುರುವಾಗುತ್ತದೆ. ಹಳೆಯ ಚಿತ್ರಗಳಲ್ಲಿ ಈ ಹೊತ್ತು ಕಾಣಸಿಗುವುದು ಬಲು ಅಪರೂಪ, ಏಕೆಂದರೆ ನಿಧಾನದ ಫಿಲಮ್ಮಿಗೆ ಆ ಬೆಳಕು ಸಾಲದು. 35 ಮಿ.ಮೀ. ಅಳತೆಯಲ್ಲಿ ಕೊಡಕ್‌ನ ವೇಗದ ಟ್ರೈ-ಎಕ್ಸ್ ಫಿಲಂ ಬಂದದ್ದು 1954ರಲ್ಲಿ; ಅದು ಇಲ್ಲಿಯವರ ಕೈಗೆ ಸಲೀಸಾಗಿ ಸಿಗಲು ಇನ್ನಷ್ಟು ಕಾಲ ಬೇಕಾಯಿತು. ನಮಗೆ ಉಳಿದಿರುವುದು ಹೆಚ್ಚಾಗಿ ಹತ್ತು ಗಂಟೆಯ ನಂತರದ ಬಿಸಿಲಿನ ಮಾರ್ಕೆಟ್ಟು: ಅರ್ಧ ಖಾಲಿ ಬುಟ್ಟಿಗಳು, ಗಾಡಿಯ ನೆರಳಲ್ಲಿ ಮಲಗಿದ ಕೂಲಿಗಳು, ಬೀಡಿ ಹಚ್ಚುತ್ತಿರುವ ಜಟಕಾದವನು. ಅದನ್ನೇ ಊರಿನ ಗತಿ ಎಂದು ತಿಳಿದರೆ ತಪ್ಪು.

ರಾತ್ರಿಯ ಕರಗದ್ದೂ ಇದೇ ಪಾಡು. ಚೈತ್ರ ಹುಣ್ಣಿಮೆಯ ನಡುರಾತ್ರಿ ಧರ್ಮರಾಯನ ಗುಡಿಯಿಂದ ಹೊರಟು ಪೇಟೆ ಸುತ್ತುವ ಕರಗವನ್ನು ಹಿಡಿಯಲು ಮೊದಲು ಮೆಗ್ನೀಷಿಯಂ ಪುಡಿ, ಆಮೇಲೆ ಒಂದು ಸಲಕ್ಕೆ ಒಂದು ಸುಟ್ಟುಹೋಗುವ ಫ್ಲಾಶ್ ಬಲ್ಬು ಬೇಕಿತ್ತು. ಆ ಬೆಳಕು ಹತ್ತು ಅಡಿ ದಾಟುತ್ತಲೇ ಸೋತುಹೋಗುತ್ತದೆ. ಮುಂದಿನ ಸಾಲಿನಲ್ಲಿ ಕರಗದ ಜೊತೆ ಸಾಗುವ ವೀರಕುಮಾರರು ಸುಣ್ಣ ಬಳಿದಂತೆ ಬೆಳ್ಳಗೆ, ಹಿಂದಿನ ಸಾವಿರಾರು ಜನ ಕತ್ತಲು.

ಸ್ವಲ್ಪ ಉತ್ತರಕ್ಕೆ, ಅವೆನ್ಯೂ ರಸ್ತೆಯ ಇನ್ನೊಂದು ತುದಿಯಲ್ಲಿರುವ ಮೈಸೂರು ಬ್ಯಾಂಕ್ ಚೌಕ ಫೋಟೊಗಳಲ್ಲಿ ಬೇರೆ ಕಾರಣಕ್ಕೆ ಬಂತು. ಚಳವಳಿಗಾರರು, ವಿದ್ಯಾರ್ಥಿಗಳು ಸೇರುತ್ತಿದ್ದ ಜಾಗ ಅದು. 1942ರಲ್ಲಿ ಅಲ್ಲಿ ಗೋಲಿಬಾರ್ ನಡೆದು, ಸತ್ತವರ ನೆನಪಿನ ಸ್ಮಾರಕ ನಿಂತಿದೆ.

1990ರ ದಶಕದಲ್ಲಿ ಹಳೆಯ ಮಾರ್ಕೆಟ್ ಕಟ್ಟಡದ ಹಿಂದೆ ಹೊಸ ಸಂಕೀರ್ಣ ಎದ್ದಿತು. 1999ರಲ್ಲಿ ಟೌನ್‌ಹಾಲ್ ಕಡೆಯಿಂದ ಸಿರ್ಸಿ ಸರ್ಕಲ್ಲಿಗೆ ಹೋಗುವ ಮೇಲ್ಸೇತುವೆ ಬಯಲಿನ ನೆತ್ತಿಯ ಮೇಲೆಯೇ ಹಾಯಿತು. ಹಳೆಯ ಚಿತ್ರಗಳ ಕೋನದಲ್ಲಿ ನಿಂತು ಈಗ ಮತ್ತೊಂದು ತೆಗೆಯಹೊರಟರೆ ಕಾಂಕ್ರೀಟ್ ಕಂಬವೇ ಎದುರಾಗುತ್ತದೆ. ಪ್ರತಿಯಾಗಿ ಹೊಸ ಕೋನಗಳು ಹುಟ್ಟಿವೆ: ಸೇತುವೆಯ ಮೇಲಿಂದ ಕೆಳಗಿನ ತರಕಾರಿ ಸಾಲು, ಸಂಕೀರ್ಣದ ಮೇಲಂತಸ್ತಿನ ಕಟಕಟೆಯಿಂದ ಕೆಳಗಿನ ಚೆಂಡುಹೂವಿನ ರಾಶಿ. ಎರಡನೆಯದನ್ನು ಈಗ ಬೆಂಗಳೂರಿಗೆ ಬಂದ ಕ್ಯಾಮೆರಾದವರೆಲ್ಲ ತೆಗೆಯುತ್ತಾರೆ. ಹಿಂದೊಮ್ಮೆ ವಿಕ್ಟೋರಿಯಾ ಪ್ರತಿಮೆಗೆ ಬಂದಿದ್ದ ಗತಿ ಈಗ ಚೆಂಡುಹೂವಿಗೆ.

ಮೈಸೂರು, ಮೆರವಣಿಗೆಯ ಊರು

ಮೈಸೂರಿನ ಚೌಕಗಳನ್ನು ನೋಡಲೆಂದೇ ಕಟ್ಟಿದರು. ಅರಮನೆಯ ಉತ್ತರಕ್ಕೆ ಚಾಮರಾಜ ವೃತ್ತ, ಅದರಾಚೆ ಕೃಷ್ಣರಾಜ ವೃತ್ತ, ದೇವರಾಜ ಮಾರುಕಟ್ಟೆಯ ಬಳಿ 1886ರ ಚಿಕ್ಕ ಗಡಿಯಾರ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ 1927ರಲ್ಲಿ ಎದ್ದ ದೊಡ್ಡ ಗಡಿಯಾರ. ಅಗಲ ರಸ್ತೆ, ಮಂಟಪದಡಿ ಪ್ರತಿಮೆ, ಹಿಂದೆ ಗೋಪುರ. ಕ್ಯಾಮೆರಾಕ್ಕೆ ಹೇಳಿ ಮಾಡಿಸಿದ ಊರು.

ಹಾಗಾಗಿಯೇ ಇರಬೇಕು, ಇಲ್ಲಿಯ ಹಳೆಯ ಬೀದಿ ಚಿತ್ರಗಳಲ್ಲಿ ದಸರೆಯ ಪಾಲು ವಿಪರೀತ. ಜಂಬೂಸವಾರಿ ಸಯ್ಯಾಜಿರಾವ್ ರಸ್ತೆ ಹಿಡಿದು ಬನ್ನಿಮಂಟಪಕ್ಕೆ ಹೋಗುವ ದಾರಿಯ ಮಾಡು, ಮಹಡಿ, ಮರದ ಕೊಂಬೆಗಳ ಮೇಲೆಲ್ಲ ಜನ. 1970ರ ಹೊತ್ತಿಗೆ ಅಂಬಾರಿಯಲ್ಲಿ ಮಹಾರಾಜರು ಕೂರುವುದು ನಿಂತು ಚಾಮುಂಡೇಶ್ವರಿಯ ಮೂರ್ತಿ ಬಂತು. ಅದೊಂದೇ ಎಷ್ಟೋ ಚಿತ್ರಗಳ ಕಾಲ ನಿರ್ಣಯಕ್ಕೆ ಸಾಕು. ಮೆರವಣಿಗೆಯ ಚಿತ್ರದ ದೋಷವೂ ಗೊತ್ತಿರಬೇಕು. ಅದರಲ್ಲಿ ಸಾವಿರ ಜನ ಇದ್ದಾರೆ, ಎಲ್ಲರೂ ಒಂದೇ ಕಡೆ ನೋಡುತ್ತಿದ್ದಾರೆ. ಮರುದಿನ ಅದೇ ವೃತ್ತದಲ್ಲಿ ಕಸ ಗುಡಿಸಿದವರು, ನಂಜನಗೂಡು ರಸಬಾಳೆ ಮಾರಿದವರು ಯಾರ ಪ್ಲೇಟಿನಲ್ಲೂ ಇಲ್ಲ.

ಚೌಕ ಬೇರೆಯದಕ್ಕೂ ಸಾಕ್ಷಿಯಾಯಿತು. 1947ರ ಸೆಪ್ಟೆಂಬರಿನಲ್ಲಿ, ಜವಾಬ್ದಾರಿ ಸರ್ಕಾರಕ್ಕಾಗಿ ನಡೆದ ‘ಮೈಸೂರು ಚಲೋ’ ಚಳವಳಿಯಲ್ಲಿ ವಿದ್ಯಾರ್ಥಿ ರಾಮಸ್ವಾಮಿ ಗುಂಡಿಗೆ ಬಲಿಯಾದರು. ಆ ಜಾಗ ರಾಮಸ್ವಾಮಿ ವೃತ್ತವೆಂದೇ ಹೆಸರಾಗಿದೆ. ಇನ್ನು ಕಟ್ಟಡಗಳ ಮಟ್ಟಿಗೆ ಹಳೆಯ ಫೋಟೊ ಈಗ ಅಳತೆಪಟ್ಟಿಯ ಕೆಲಸ ಮಾಡುತ್ತಿದೆ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜೀವಹಾನಿಯಾಯಿತು. 2016ರಲ್ಲಿ ದೇವರಾಜ ಮಾರುಕಟ್ಟೆಯ ಉತ್ತರದ ಬಾಗಿಲು ಬಿತ್ತು. ಕೆಡವಿ ಕಟ್ಟಬೇಕೇ, ಇದ್ದುದನ್ನೇ ದುರಸ್ತಿ ಮಾಡಬೇಕೇ ಎಂಬ ವಾದದಲ್ಲಿ ಕಮಾನು, ಬಾಗಿಲು, ಹೆಂಚುಗಳ ಮೂಲ ರೂಪಕ್ಕೆ ಎಲ್ಲರೂ ನೋಡುವುದು ಹಳೆಯ ಚಿತ್ರಗಳನ್ನೇ.

ಹೊಟ್ಟೆಯ ಮಟ್ಟದ ಕ್ಯಾಮೆರಾ

ಜನ ಕೊನೆಗೂ ಚಿತ್ರದೊಳಗೆ ಬಂದದ್ದಕ್ಕೆ ಎರಡು ಜರ್ಮನ್ ಕ್ಯಾಮೆರಾಗಳಿಗೆ ಕೃತಜ್ಞರಾಗಿರಬೇಕು. 1925ರ ಲೈಕಾ ಜೇಬಿಗೆ ಹಿಡಿಸುವಂಥದು, ಒಂದು ರೀಲಿಗೆ 36 ಚಿತ್ರ. 1929ರ ರೋಲೈಫ್ಲೆಕ್ಸ್‌ಗೆ ಎರಡು ಲೆನ್ಸು. ಹೊಟ್ಟೆಯ ಮಟ್ಟದಲ್ಲಿ ಹಿಡಿದು ಮೇಲಿನ ಗಾಜಿಗೆ ತಲೆಬಾಗಿಸಿ ನೋಡಬೇಕು. ತಲೆ ತಗ್ಗಿಸಿ ನಿಂತವನು ಏನೋ ಹುಡುಕುತ್ತಿದ್ದಾನೆಂದು ಎದುರಿನವರು ಸುಮ್ಮನಿರುತ್ತಾರೆ, ಅಷ್ಟರಲ್ಲಿ ಚಿತ್ರ ಆಗಿರುತ್ತದೆ. ಹೊಟ್ಟೆಯ ಮಟ್ಟದಿಂದ ತೆಗೆದದ್ದರಿಂದ ಆ ಚಿತ್ರಗಳಲ್ಲಿ ನೆಲದ ಮೇಲೆ ಕೂತ ವ್ಯಾಪಾರಿ ಕುಳ್ಳಗಾಗುವುದಿಲ್ಲ. ಆಳೆತ್ತರದಿಂದ ಕೆಳಗೆ ನೋಡಿ ತೆಗೆದ ಚಿತ್ರಕ್ಕೂ ಇದಕ್ಕೂ ಇರುವ ವ್ಯತ್ಯಾಸ ತಂತ್ರದ್ದೂ ಹೌದು, ಮರ್ಯಾದೆಯದೂ ಹೌದು. ಪ್ಯಾರಿಸ್ಸಿನ ಆಂರಿ ಕಾರ್ತಿಯೇ-ಬ್ರೆಸೋನ್ ಲೈಕಾ ಹಿಡಿದು ಈ ಕ್ರಮಕ್ಕೆ ಜಗತ್ತಿನಾದ್ಯಂತ ಹೆಸರು ತಂದ. ಅವನು 1947–48ರಲ್ಲಿ ಭಾರತದಲ್ಲೇ ಓಡಾಡುತ್ತಿದ್ದ.

ಅದೇ ಹೊತ್ತಿಗೆ ಇಲ್ಲಿ ಪತ್ರಿಕೆಗಳು ಫೋಟೊಗಾರರನ್ನು ಕೆಲಸಕ್ಕೆ ಇಟ್ಟುಕೊಳ್ಳತೊಡಗಿದವು. ಮೈಸೂರಿನ ಟಿ.ಎಸ್. ಸತ್ಯನ್ (1923–2009) 1948ರಲ್ಲಿ, ಆಗಷ್ಟೇ ಶುರುವಾಗಿದ್ದ ಡೆಕ್ಕನ್ ಹೆರಾಲ್ಡ್ ಸೇರಿದರು. ಮುಂದೆ ಸ್ವತಂತ್ರವಾಗಿ ದೇಶ ಸುತ್ತಿದರು. 1977ರಲ್ಲಿ ಪದ್ಮಶ್ರೀ ಬಂತು. ಮಕ್ಕಳ ಮೇಲಿನ ಅವರ ಚಿತ್ರಗಳನ್ನು ಯುನಿಸೆಫ್ 1979ರಲ್ಲಿ ನ್ಯೂಯಾರ್ಕಿನಲ್ಲಿ ಪ್ರದರ್ಶಿಸಿತು. ‘ಕಾಲಕ್ಕೆ ಕನ್ನಡಿ’ ಅವರ ಕನ್ನಡ ಪುಸ್ತಕ. ಸತ್ಯನ್ ರಾಷ್ಟ್ರಪತಿಗಳನ್ನೂ ತೆಗೆದರು, ಸಾಹಿತಿಗಳನ್ನೂ ತೆಗೆದರು. ಆದರೆ ಅವರ ನಿಜವಾದ ಸಾಮರ್ಥ್ಯ ಕಾಣುವುದು ಹೆಸರಿಲ್ಲದವರ ಚಿತ್ರಗಳಲ್ಲಿ. ನಗಿಸಿ ತೆಗೆದ ಚಿತ್ರಗಳಲ್ಲ ಅವು, ಬಡತನವನ್ನು ಮಾರಲು ತೆಗೆದವೂ ಅಲ್ಲ. ಕೆಲಸದಲ್ಲಿ ಮುಳುಗಿದವರನ್ನು ಕೆಲಸದಲ್ಲಿ ಮುಳುಗಿದವರಾಗಿಯೇ ಬಿಡುವ ಸಹನೆ ಅವರಲ್ಲಿತ್ತು. ಕನ್ನಡ ನಾಡಿನ ಬೀದಿ ಛಾಯಾಗ್ರಹಣಕ್ಕೆ ಒಬ್ಬ ಮೂಲಪುರುಷನನ್ನು ಹೆಸರಿಸಲೇಬೇಕೆಂದರೆ ಅದು ಅವರೇ.

ಹವ್ಯಾಸಿಗಳ ಸಂಘಗಳ ದಾರಿ ಬೇರೆ. ಬೆಂಗಳೂರಿನಲ್ಲಿ 1971ರಲ್ಲಿ ಹುಟ್ಟಿದ ಯೂತ್ ಫೋಟೊಗ್ರಾಫಿಕ್ ಸೊಸೈಟಿಯೂ ಸೇರಿ ಅವು ಸ್ಪರ್ಧೆಗಳ ಚಿತ್ರಕ್ಕೆ, ವನ್ಯಜೀವಿಗೆ ಹೆಚ್ಚು ಒಲಿದವು. ಹಕ್ಕಿಯ ಗೂಡಿನ ಮುಂದೆ ದಿನಗಟ್ಟಲೆ ಕಾದವರು ಬಸ್ ಸ್ಟ್ಯಾಂಡಿನ ಮುಂದೆ ಕಾದದ್ದು ಕಡಿಮೆ. ಫಿಲಂ ದುಬಾರಿ ಎಂಬ ಕಾರಣವೂ ಇತ್ತು. ಆಮದಿಗೆ ಕಡಿವಾಣ ಬಿದ್ದಿದ್ದ ಕಾಲದಲ್ಲಿ ಊಟಿಯ ಹಿಂದೂಸ್ತಾನ್ ಫೋಟೊ ಫಿಲಮ್ಸ್ ಕಾರ್ಖಾನೆ 1967ರಿಂದ ‘ಇಂದು’ ಹೆಸರಿನ ಫಿಲಂ, ಕಾಗದ ಕೊಟ್ಟಿತು. ಆದರೂ ಎಣಿಸಿ ಒತ್ತಬೇಕಾದ 12 ಚಿತ್ರಗಳ ರೀಲನ್ನು ಗುರುತಿಲ್ಲದವರ ಮೇಲೆ ಖರ್ಚು ಮಾಡಲು ಮನಸ್ಸು ಬೇಕು.

ಗಡಿಯ ಸರ್ಕಲ್ಲುಗಳು

ಬಳ್ಳಾರಿಯ ಸುತ್ತಿನ ಸಣ್ಣ ಊರುಗಳಿಗೆ ಪೋಸ್ಟ್‌ಕಾರ್ಡಿನವರೂ ಬರಲಿಲ್ಲ, ಪತ್ರಿಕೆಯವರೂ ಬಂದದ್ದು ಚುನಾವಣೆ, ಬರಗಾಲಗಳಿಗೆ. ಇಲ್ಲಿ ಚೌಕದ ಚಿತ್ರ ಹುಟ್ಟಿದ್ದು ಸ್ಟುಡಿಯೋದವರ ಕೈಯಲ್ಲಿ, ಅದೂ ಉಪಕಸುಬಾಗಿ. ಮದುವೆ, ಪಾಸ್‌ಪೋರ್ಟ್ ಸೈಜಿನ ಫೋಟೊ, ಶಾಲೆಯ ಗ್ರೂಪ್ ಫೋಟೊ ಅವರ ಅನ್ನ. ತೇರು, ಉರುಸು, ಮೊಹರಂ, ಮಂತ್ರಿಗಳ ಭಾಷಣ ಬಂದಾಗ ಕ್ಯಾಮೆರಾ ಬೀದಿಗೆ ಇಳಿಯುತ್ತಿತ್ತು. ಚಿತ್ರದ ಮುನ್ನೆಲೆಯಲ್ಲಿ ಹಾರ ಹಾಕಿಕೊಂಡ ಗಣ್ಯರು. ಹಿನ್ನೆಲೆಯಲ್ಲಿ, ತೆಗೆದವನು ಗಮನವನ್ನೇ ಕೊಡದ ಕಡೆ, ಊರಿನ ಸರ್ಕಲ್ಲು. ಹೋಟೆಲಿನ ಬೋರ್ಡು, ಸೈಕಲ್ ಶಾಪು, ಹುಣಸೆಮರದ ಕೆಳಗಿನ ಕ್ಷೌರದವನು. ಇಂಥ ಮದುವೆ-ಮೆರವಣಿಗೆ ಚಿತ್ರಗಳ ಅಂಚುಗಳನ್ನೇ ದೊಡ್ಡದು ಮಾಡಿ ನೋಡುವುದು ಸಣ್ಣ ಊರಿನ ಬೀದಿ ಚರಿತ್ರೆಗೆ ಇರುವ ಒಳ್ಳೆಯ ದಾರಿ.

ಬೋರ್ಡುಗಳೇ ಇಲ್ಲಿ ಹೆಚ್ಚು ಮಾತಾಡುತ್ತವೆ. ರಾಯದುರ್ಗ ತಾಲ್ಲೂಕು 1953ರ ಸೆಪ್ಟೆಂಬರಿನವರೆಗೆ ಮದರಾಸು ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಹೊಸ ಆಂಧ್ರ ರಾಜ್ಯಕ್ಕೆ ಹೋದವು. ರಾಯದುರ್ಗದ ಜೊತೆ ಕಣೇಕಲ್ಲು ಅನಂತಪುರ ಜಿಲ್ಲೆಯ ಪಾಲಾಯಿತು. ಮಡಕಶಿರಾ ಮೂರು ಕಡೆ ಕರ್ನಾಟಕವನ್ನು ಇಟ್ಟುಕೊಂಡೂ ಅದೇ ಜಿಲ್ಲೆಯಲ್ಲಿ ಉಳಿಯಿತು. 2022ರಿಂದ ಅದು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಅಂಗಡಿ ಹಲಗೆಯ ಮೇಲೆ ಕನ್ನಡ, ತೆಲುಗು ಎರಡೂ ಇರುವುದು, ಸರ್ಕಾರಿ ಫಲಕದಲ್ಲಿ ಮದರಾಸು ಹೋಗಿ ಆಂಧ್ರ ಬರುವುದು, 1956ರ ಮೇಲೆ ಅದು ಆಂಧ್ರಪ್ರದೇಶವಾಗುವುದು, ಬಸ್ಸಿನ ಮೈಮೇಲಿನ ಊರಿನ ಹೆಸರು ಯಾವ ಲಿಪಿಯಲ್ಲಿದೆ ಎಂಬುದು, ಎಲ್ಲವೂ ಗುರುತುಗಳು. ಕಣೇಕಲ್ಲಿನಲ್ಲಿ ಇನ್ನೊಂದು ಸುಳಿವಿದೆ. ಊರಿನ ದೊಡ್ಡ ಕೆರೆಗೆ ತುಂಗಭದ್ರೆಯ ಮೇಲ್ದಂಡೆ ಕಾಲುವೆಯ ನೀರು ಬಂದ ಮೇಲೆ ಸುತ್ತ ಬತ್ತದ ಗದ್ದೆಗಳಾದವು. ಬತ್ತದ ಚೀಲ ಹೇರಿದ ಗಾಡಿಗಳು ಸರ್ಕಲ್ಲಿನಲ್ಲಿ ಸಾಲುಗಟ್ಟಿ ನಿಂತಿದ್ದರೆ ಚಿತ್ರ ಕಾಲುವೆಯ ಈಚಿನದಿರಬಹುದೆಂದು ಊಹಿಸಬಹುದು. ಗಟ್ಟಿ ಸಾಕ್ಷಿ ಅಲ್ಲ.

ಚಿತ್ರ ಯಾವ ಕಾಲದ್ದು?

ಹಳೆಯ ಬೀದಿ ಚಿತ್ರಗಳ ಹಿಂದೆ ತಾರೀಖು ಬರೆದಿರುವುದು ಕಡಿಮೆ. ಒಳಗಿನ ಗುರುತುಗಳಿಂದಲೇ ಕಾಲ ಕಟ್ಟಬೇಕು. ಬೆಲೆ ಆಣೆಯಲ್ಲಿದ್ದರೆ ಸಾಮಾನ್ಯವಾಗಿ 1957ರ ಏಪ್ರಿಲ್‌ಗೆ ಹಿಂದಿನದು, ನಯೇ ಪೈಸೆ ಕಂಡರೆ ಮುಂದಿನದು. ವಿಳಾಸದಲ್ಲಿ ಆರಂಕಿಯ ಪಿನ್ ಇದ್ದರೆ 1972ರ ಆಗಸ್ಟ್ 15ರ ಈಚಿನದು. ಫಲಕದಲ್ಲಿ ‘ಮೈಸೂರು ರಾಜ್ಯ’ ಎಂದಿದ್ದರೆ ಬಹುಮಟ್ಟಿಗೆ 1973ರ ನವೆಂಬರ್ 1ಕ್ಕೆ ಮುಂಚಿನದು. ವಾಹನದ ನಂಬರು ‘ಕೆಎ’ಯಿಂದ ಶುರುವಾದರೆ 1989ಕ್ಕೆ ಹಿಂದೆ ಹೋಗುವಂತಿಲ್ಲ. ಸೌತ್ ಪೆರೇಡ್ ಮಹಾತ್ಮ ಗಾಂಧಿ ರಸ್ತೆಯಾದದ್ದು 1948ರ ಫೆಬ್ರುವರಿಯಲ್ಲಿ. ಬಸ್ಸಿನ ಮೇಲೆ ಬಿಟಿಎಸ್ ಎಂದಿದ್ದರೆ, ‘ಬಿಟ್ರೆ ತಿರ್ಗಾ ಸಿಗೋಲ್ಲ’ ಎಂದು ಜನ ನಗಾಡುತ್ತಿದ್ದ ದಶಕಗಳದು. 1997ರಲ್ಲಿ ಅದು ಬಿಎಂಟಿಸಿ ಆಯಿತು.

ಕೆಂಪೇಗೌಡ ರಸ್ತೆ, ಮೆಜೆಸ್ಟಿಕ್ ಸುತ್ತಿನ ಚಿತ್ರಗಳಿಗೆ ಟಾಕೀಸಿನ ಕಟೌಟುಗಳೇ ಪಂಚಾಂಗ ಎಂದು ಅನೇಕರು ನಂಬಿದ್ದಾರೆ. ಹುಷಾರಾಗಿರಬೇಕು. ‘ಬಂಗಾರದ ಮನುಷ್ಯ’ 1972ರ ಮಾರ್ಚಿನಲ್ಲಿ ಬಿಡುಗಡೆಯಾಗಿ ಸ್ಟೇಟ್ಸ್ ಟಾಕೀಸಿನಲ್ಲಿ ಸುಮಾರು ಎರಡು ವರ್ಷ ಓಡಿತು. ಆ ಕಟೌಟು ಕಂಡ ಮಾತ್ರಕ್ಕೆ ಚಿತ್ರ 1972ರದೆಂದು ಬರೆದರೆ ಎರಡು ವರ್ಷ ತಪ್ಪಬಹುದು. ಪಕ್ಕದ ಟಾಕೀಸಿನಲ್ಲಿ ಎರಡೇ ವಾರಕ್ಕೆ ಎತ್ತಂಗಡಿಯಾದ ಸಿನಿಮಾದ ಪೋಸ್ಟರು ಇದ್ದರೆ ಅದೇ ನಿಜವಾದ ನಿಧಿ. ಬಾಳಿಕೆಯಿಲ್ಲದ ವಸ್ತುವೇ ಕಾಲವನ್ನು ಕರಾರುವಾಕ್ಕಾಗಿ ಹೇಳುವುದು.

ನೆಗೆಟಿವ್ ತಿರುವುಮುರುವಾಗಿ ಪ್ರಿಂಟಾಗುವುದೂ ಉಂಟು, ಗಾಜಿನ ಪ್ಲೇಟಿನಲ್ಲಂತೂ ಹೆಚ್ಚು. ಬೋರ್ಡಿನ ಅಕ್ಷರ ಓದಲು ಬಾರದಿದ್ದಾಗ ಅಂಗಿಯ ಗುಂಡಿಯ ಕಡೆ, ಸೀರೆಯ ಸೆರಗು ಹೊತ್ತ ಭುಜದ ಕಡೆ, ವಾಹನ ರಸ್ತೆಯ ಎಡಕ್ಕಿದೆಯೇ ಎಂಬುದರ ಕಡೆ ನೋಡಬೇಕು. ತಿರುವಿದ ಚಿತ್ರ ಇಟ್ಟುಕೊಂಡು ನೆರಳಿನಿಂದ ದಿಕ್ಕು ಹೇಳಹೊರಟವರು ಪೇಟೆಯನ್ನು ಕೋಟೆಯ ದಕ್ಷಿಣಕ್ಕೆ ಎತ್ತಿಡುವ ಅಪಾಯವಿದೆ.

ಉಳಿದ ನೆಗೆಟಿವ್‌ಗಳು

ನಮ್ಮ ಹವೆ ನೆಗೆಟಿವ್‌ಗೆ ಒಗ್ಗುವುದಿಲ್ಲ. ಜಿಲೆಟಿನ್ನಿಗೆ ಬೂಷ್ಟು ಹಿಡಿಯುತ್ತದೆ, ಅಸಿಟೇಟ್ ಫಿಲಂ ಹುಳಿವಾಸನೆ ಹೊಡೆದು ಸುರುಟಿಕೊಳ್ಳುತ್ತದೆ, ಬಣ್ಣದ ಪ್ರಿಂಟು ಕೆಂಪಡರುತ್ತದೆ. ಡಿಜಿಟಲ್ ಬಂದು ಸ್ಟುಡಿಯೋಗಳು ಕದ ಹಾಕಿದಾಗ ಹಳೆಯ ಫಿಲಂ ಬೆಳ್ಳಿ ತೆಗೆಯುವವರ ಪಾಲಾದದ್ದೂ ಇದೆ. ಉಳಿದದ್ದು ಚದುರಿಹೋಗಿದೆ. ಕಂಪನಿ ಕಾಲದ ಚಿತ್ರಗಳ ದೊಡ್ಡ ಸಂಗ್ರಹ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿ 2023ರ ಫೆಬ್ರುವರಿಯಲ್ಲಿ ಸ್ವಂತ ಕಟ್ಟಡದಲ್ಲಿ ಬಾಗಿಲು ತೆರೆದ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೊಗ್ರಫಿ, ಅಂದರೆ ಮ್ಯಾಪ್, ಸತ್ಯನ್ ಅವರ ಚಿತ್ರಗಳನ್ನು ಇಟ್ಟುಕೊಂಡಿದೆ. ಟಿ.ಪಿ. ಇಸ್ಸಾರ್ ಬೆಂಗಳೂರಿನ ಕಟ್ಟಡಗಳ ಮೇಲೆ 1988ರಲ್ಲಿ, ಮೈಸೂರಿನ ಮೇಲೆ 1991ರಲ್ಲಿ ತಂದ ಇಂಗ್ಲಿಷ್ ಪುಸ್ತಕಗಳು ಕೆಡವುವ ಭರಾಟೆ ಹೆಚ್ಚುವ ಮುಂಚೆ ಮಾಡಿಟ್ಟ ಪಟ್ಟಿಯಂತೆ ಬಳಕೆಯಾಗುತ್ತಿವೆ.

ಹಕ್ಕಿನ ವಿಷಯದಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆಯ 25ನೆಯ ಕಲಂ, 2012ರ ತಿದ್ದುಪಡಿ ಅದನ್ನು ತೆಗೆದುಹಾಕುವವರೆಗೆ, ಅನ್ವಯವಾಗುತ್ತಿತ್ತು. ಅದರ ಪ್ರಕಾರ ಛಾಯಾಚಿತ್ರ ಮೊದಲು ಪ್ರಕಟವಾದ ವರ್ಷದ ಮುಂದಿನ ಜನವರಿಯಿಂದ 60 ವರ್ಷ ಹಕ್ಕು ಉಳಿಯುತ್ತಿತ್ತು. ಆಗ ಎಣಿಕೆ ಶುರುವಾಗುತ್ತಿದ್ದದ್ದು ಪ್ರಕಟಣೆಯಿಂದ, ತೆಗೆದ ದಿನದಿಂದಲ್ಲ. ಎಂದೂ ಅಚ್ಚಾಗದೆ ಸ್ಟುಡಿಯೋದ ಟ್ರಂಕಿನಲ್ಲೇ ಉಳಿದ ನೆಗೆಟಿವ್‌ಗಳನ್ನು ಪುಸ್ತಕಕ್ಕೋ ಪ್ರದರ್ಶನಕ್ಕೋ ತೆಗೆದುಕೊಳ್ಳುವವರು ತೆಗೆದವರ ವಾರಸುದಾರರಿಂದ ಲಿಖಿತ ಒಪ್ಪಿಗೆ ಪಡೆಯುವುದು ಕ್ಷೇಮ.